ಲಿಫ್ಟ್ ಪಕ್ಕದ ಹಾಳೆ: ಚಾರ್ಟ್‌ನ ರೂಪವನ್ನು ನಾವೇ ಹೊಂದಿಸಿಕೊಳ್ಳುವ ಬಗೆ

ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟ್ ಪಕ್ಕದಲ್ಲೊಂದು ಸೂಚನಾ ಫಲಕವಿದೆ. ಪ್ರತಿ ತಿಂಗಳ ಮೊದಲ ಭಾನುವಾರ ಅದಕ್ಕೆ ನೀರಿನ ಲೆಕ್ಕದ ಹಾಳೆ ಅಂಟಿಸುವುದು ನನ್ನ ಪಾಲಿನ ಕೆಲಸ. ಬೆಂಗಳೂರಿನ ದಕ್ಷಿಣದ ಅಂಚು, ನಲವತ್ತೆಂಟು ಮನೆ, ಮೂರು ಬಗೆಯ ನೀರು: ಜಲಮಂಡಳಿಯ ಕಾವೇರಿ, ನಮ್ಮದೇ ಕೊಳವೆಬಾವಿ, ದುಡ್ಡು ಕೊಟ್ಟು ತರಿಸುವ ಟ್ಯಾಂಕರ್. ಯಾವುದರಿಂದ ಎಷ್ಟು ಬಂತು ಎಂಬುದನ್ನು ಒಂದು ಚಾರ್ಟ್‌ನಲ್ಲಿ ತೋರಿಸಬೇಕು. ಲಿಫ್ಟ್ ಕೆಳಗಿಳಿದು ಬರುವಷ್ಟರಲ್ಲಿ ಓದುವವರಿಗೆ ಅದು ಅರ್ಥವಾಗಬೇಕು. ಸಿಗುವುದು ಅಬ್ಬಬ್ಬಾ ಎಂದರೆ ಅರ್ಧ ನಿಮಿಷ.

ಅಂಕಿಗಳನ್ನು ಆಯ್ಕೆ ಮಾಡಿ ಒಂದು ಗುಂಡಿ ಒತ್ತಿದರೆ ಯಾವ ತಂತ್ರಾಂಶವೂ ಚಾರ್ಟ್ ಕೊಡುತ್ತದೆ. ಆದರೆ ನಿಮ್ಮ ಹಾಳೆಯನ್ನು ಯಾರು ಓದುತ್ತಾರೆ, ಅದು ಗೋಡೆಯ ಮೇಲಿರುತ್ತದೋ ಮೊಬೈಲಿನಲ್ಲೋ ಎಂಬುದು ಅದಕ್ಕೆ ಗೊತ್ತಿಲ್ಲ. ಹಾಗಾಗಿ ಅದು ಕೊಡುವುದು ಯಾರದೋ ಅಳತೆಗೆ ಹೊಲಿದಿಟ್ಟ ಅಂಗಿ. ಅದನ್ನು ನಮ್ಮ ಮೈಗೆ ತಕ್ಕಂತೆ ಬಿಚ್ಚಿ ಹೊಲಿಯುವ ಕ್ರಮವನ್ನು ಇಲ್ಲಿ ಹೇಳುತ್ತೇನೆ. ನಾನು ಮನೆಯಲ್ಲಿ ಬಳಸುವುದು ಲಿಬ್ರೆ ಆಫೀಸ್ ಕ್ಯಾಲ್ಕ್, ಕಚೇರಿಯಲ್ಲಿ ಎಕ್ಸೆಲ್. ಎರಡರ ಹಾದಿಯನ್ನೂ ಕೊಟ್ಟಿದ್ದೇನೆ. ಗೂಗಲ್ ಶೀಟ್ಸ್ ಬಳಸುವವರು ಚಾರ್ಟ್ ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ ಬಲಗಡೆ ತೆರೆಯುವ ಎಡಿಟರ್‌ನ ‘ಕಸ್ಟಮೈಸ್’ ಭಾಗದಲ್ಲಿ ಇವುಗಳಲ್ಲಿ ಬಹುಪಾಲು ಆಯ್ಕೆಗಳು ಸಿಗುತ್ತವೆ.

ಮೊದಲು ಅಂಕಿ, ಆಮೇಲೆ ಒಂದು ವಾಕ್ಯ

ಅಭ್ಯಾಸಕ್ಕೆ ಈ ಆರು ತಿಂಗಳ ಅಂಕಿಗಳನ್ನು ಇಟ್ಟುಕೊಳ್ಳೋಣ. ನಮ್ಮ ಲೆಕ್ಕದ ಪುಸ್ತಕದಿಂದ ತೆಗೆದು ಒಂದಿಷ್ಟು ಸರಳಗೊಳಿಸಿದವು ಇವು. ಎಲ್ಲವೂ ಕಿಲೋಲೀಟರ್‌ಗಳಲ್ಲಿವೆ; ಒಂದು ಕಿಲೋಲೀಟರ್ ಎಂದರೆ 1,000 ಲೀಟರ್.

ಜನವರಿ: ಕಾವೇರಿ 410, ಟ್ಯಾಂಕರ್ 120, ಕೊಳವೆಬಾವಿ 210
ಫೆಬ್ರವರಿ: ಕಾವೇರಿ 395, ಟ್ಯಾಂಕರ್ 180, ಕೊಳವೆಬಾವಿ 150
ಮಾರ್ಚ್: ಕಾವೇರಿ 402, ಟ್ಯಾಂಕರ್ 312, ಕೊಳವೆಬಾವಿ 60
ಏಪ್ರಿಲ್: ಕಾವೇರಿ 388, ಟ್ಯಾಂಕರ್ 336, ಕೊಳವೆಬಾವಿ 24
ಮೇ: ಕಾವೇರಿ 405, ಟ್ಯಾಂಕರ್ 228, ಕೊಳವೆಬಾವಿ 90
ಜೂನ್: ಕಾವೇರಿ 412, ಟ್ಯಾಂಕರ್ 96, ಕೊಳವೆಬಾವಿ 190

ತಿಂಗಳು ಮೊದಲ ಕಂಬಸಾಲಿನಲ್ಲಿ, ಮೂರು ಮೂಲಗಳು ಪಕ್ಕದ ಮೂರು ಕಂಬಸಾಲುಗಳಲ್ಲಿ ಇರಲಿ. ಜಲಮಂಡಳಿಯ ಬಿಲ್ಲಿನಲ್ಲಿ ಬಳಕೆ ಕಿಲೋಲೀಟರ್ ಲೆಕ್ಕದಲ್ಲಿಯೇ ಇರುತ್ತದೆ. ಟ್ಯಾಂಕರ್ ಲೆಕ್ಕ ಮಾತ್ರ ಕಾವಲುಗಾರರ ಪುಸ್ತಕದಲ್ಲಿ ‘ಲೋಡು’ಗಳಲ್ಲಿ ಇರುತ್ತದೆ. 12,000 ಲೀಟರಿನ 26 ಲೋಡು ಎಂದರೆ 312 ಕಿಲೋಲೀಟರ್. ಈ ಗುಣಾಕಾರವನ್ನು ತಂತ್ರಾಂಶದ ಹಾಳೆಯಲ್ಲೇ ಮುಗಿಸಿಕೊಳ್ಳಿ. ಲೋಡನ್ನೂ ಕಿಲೋಲೀಟರನ್ನೂ ಒಂದೇ ಚಾರ್ಟ್‌ನಲ್ಲಿ ಬೆರೆಸಿದರೆ ಮುಂದೆ ಯಾವ ಅಲಂಕಾರವೂ ಅದನ್ನು ಕಾಪಾಡುವುದಿಲ್ಲ.

ಇನ್ನು ಮೌಸ್ ಮುಟ್ಟುವ ಮುನ್ನ ಒಂದು ಚೀಟಿಯ ಮೇಲೆ ಒಂದು ವಾಕ್ಯ ಬರೆಯಿರಿ. ನಾನು ಬರೆದದ್ದು ಹೀಗಿತ್ತು: ‘ಕಾವೇರಿ ಹೆಚ್ಚೂಕಡಿಮೆ ಒಂದೇ ಸಮ ಬಂತು, ಕೊಳವೆಬಾವಿ ಬತ್ತಿದಷ್ಟನ್ನು ಟ್ಯಾಂಕರ್ ತುಂಬಿತು.’ ಮುಂದಿನ ಪ್ರತಿಯೊಂದು ಆಯ್ಕೆಯಲ್ಲೂ ಕೇಳಿಕೊಳ್ಳಬೇಕಾದ ಪ್ರಶ್ನೆ, ಇದು ಈ ವಾಕ್ಯಕ್ಕೆ ನೆರವಾಗುತ್ತದೆಯೇ ಎಂಬುದೊಂದೇ. ಬಹಳ ಜನ ಬಣ್ಣದಿಂದ ಶುರು ಮಾಡುತ್ತಾರೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಮುಡಿಸುವ ಕೆಲಸವದು. ಬಣ್ಣದ ಸರದಿ ಬರುವುದು ಕೊನೆಯ ಹೊತ್ತಿಗೆ.

ಬಗೆ ಮತ್ತು ಪೇರಿಸುವ ಕ್ರಮ

ಅಂಕಿಗಳನ್ನು ಶೀರ್ಷಿಕೆಯ ಸಾಲಿನ ಸಮೇತ ಆಯ್ಕೆ ಮಾಡಿ. ಎಕ್ಸೆಲ್‌ನಲ್ಲಿ ‘ಇನ್ಸರ್ಟ್’ ಪಟ್ಟಿಗೆ ಹೋಗಿ ‘ಸ್ಟ್ಯಾಕ್ಡ್ ಕಾಲಮ್’ ಆರಿಸಿ. ಕ್ಯಾಲ್ಕ್‌ನಲ್ಲಿ ‘ಇನ್ಸರ್ಟ್’, ‘ಚಾರ್ಟ್’. ತೆರೆಯುವ ಕಿಟಕಿಯಲ್ಲಿ ‘ಕಾಲಮ್’, ಅದರೊಳಗೆ ‘ಸ್ಟ್ಯಾಕ್ಡ್’. ತಿಂಗಳುಗಳು ಅಡ್ಡಗೆರೆಯ ಬದಲು ಬಣ್ಣದ ಸೂಚಿಯಲ್ಲಿ (ಯಾವ ಬಣ್ಣ ಯಾವುದಕ್ಕೆ ಎಂದು ಹೇಳುವ ‘ಲೆಜೆಂಡ್’) ಬಂದು ಕುಳಿತರೆ ಗಾಬರಿ ಬೇಡ. ಎಕ್ಸೆಲ್‌ನಲ್ಲಿ ‘ಚಾರ್ಟ್ ಡಿಸೈನ್’ ಪಟ್ಟಿಯ ‘ಸ್ವಿಚ್ ರೋ ಕಾಲಮ್’ ಒತ್ತಿದರೆ ಸಾಕು. ಕ್ಯಾಲ್ಕ್‌ನಲ್ಲಿ ‘ಡೇಟಾ ರೇಂಜ್’ ಹಂತದಲ್ಲಿ ‘ಡೇಟಾ ಸೀರೀಸ್ ಇನ್ ಕಾಲಮ್ಸ್’ ಆರಿಸಬೇಕು.

ಒಂದರ ಮೇಲೊಂದು ಪೇರಿಸಿದ ಕಂಬಗಳಲ್ಲಿ ಒಂದು ತೊಡಕಿದೆ. ತಳದಲ್ಲಿರುವ ತುಂಡು ಮಾತ್ರ ಎಲ್ಲ ತಿಂಗಳಲ್ಲೂ ಒಂದೇ ನೆಲದ ಮೇಲೆ ನಿಂತಿರುತ್ತದೆ. ಅದರ ಮೇಲಿನವು ಪ್ರತಿ ತಿಂಗಳೂ ಬೇರೆ ಬೇರೆ ಎತ್ತರದಿಂದ ಶುರುವಾಗುವುದರಿಂದ ಯಾವುದು ಉದ್ದ, ಯಾವುದು ಗಿಡ್ಡ ಎಂದು ಕಣ್ಣು ಅಳೆಯಲಾರದು. ಮೊದಲಿಗೆ ನಾನು ಟ್ಯಾಂಕರನ್ನೇ ತಳಕ್ಕೆ ಹಾಕಿದ್ದೆ, ಹೇಳಬೇಕಾದದ್ದು ಅದರ ಕತೆಯಲ್ಲವೇ ಎಂದು. ಆಗ ಟ್ಯಾಂಕರ್ ಚೆನ್ನಾಗಿ ಕಂಡಿತು, ಆದರೆ ಕಾವೇರಿ ಒಂದೇ ಸಮ ಬಂದದ್ದು ಯಾರಿಗೂ ಕಾಣಲಿಲ್ಲ. ಈಗ ಕಾವೇರಿಯನ್ನು ತಳಕ್ಕೆ ಹಾಕುತ್ತೇನೆ. ಅದು ಹೆಚ್ಚು ಏರಿಳಿಯದ ಕಾರಣ ಎರಡನೆಯ ಪದರವೂ ಬಹುತೇಕ ಸಮನಾದ ಮಟ್ಟದಿಂದಲೇ ಮೇಲೇಳುತ್ತದೆ, ಟ್ಯಾಂಕರಿನ ಏರಿಳಿತ ಸಹಜವಾಗಿ ಕಾಣುತ್ತದೆ. ಮೇಲ್ಗಡೆ ಕೊಳವೆಬಾವಿ ಕರಗಿಹೋಗುವುದೂ ಕಾಣುತ್ತದೆ. ಏರಿಳಿತ ಕಡಿಮೆ ಇರುವುದು ಕೆಳಗಿರಲಿ ಎಂಬುದನ್ನು ನಾನು ಕಲಿತದ್ದು ಹೀಗೆ.

ಕ್ರಮ ಬದಲಿಸಲು ಎಕ್ಸೆಲ್‌ನಲ್ಲಿ ಚಾರ್ಟ್ ಮೇಲೆ ಬಲಕ್ಲಿಕ್ ಮಾಡಿ ‘ಸೆಲೆಕ್ಟ್ ಡೇಟಾ’ಗೆ ಹೋಗಿ, ಅಲ್ಲಿ ಸೀರೀಸ್‌ಗಳನ್ನು (ಒಂದೊಂದು ಮೂಲದ ಅಂಕಿಗಳ ಸಾಲು) ಮೇಲೆ ಕೆಳಗೆ ಸರಿಸುವ ಬಾಣದ ಗುರುತುಗಳಿವೆ. ಕ್ಯಾಲ್ಕ್‌ನಲ್ಲಿ ಚಾರ್ಟ್ ಮೇಲೆ ಎರಡು ಸಲ ಕ್ಲಿಕ್ ಮಾಡಿ ಒಳಹೊಕ್ಕು, ‘ಡೇಟಾ ರೇಂಜಸ್’ ಕಿಟಕಿಯ ‘ಡೇಟಾ ಸೀರೀಸ್’ ಹಾಳೆಯಲ್ಲಿ ಅದೇ ಬಾಣಗಳನ್ನು ಹುಡುಕಿ.

ಮೂರು ಆಯಾಮದ ಕಂಬಗಳ ಆಸೆ ಬೇಡ. ಹಿಂದಿನ ಕಂಬ ಮುಂದಿನದರ ಮರೆಗೆ ಹೋಗುತ್ತದೆ, ಕಂಬದ ತುದಿ ಯಾವ ಗೆರೆಗೆ ತಾಗಿದೆ ಎಂದೂ ತಿಳಿಯುವುದಿಲ್ಲ.

ಕಂಬಗಳ ನಡುವಿನ ಅಂತರವನ್ನೂ ಈಗಲೇ ಸರಿಪಡಿಸಿ. ಪೇರಿಸಿದ ಕಂಬಗಳಿಗೆ ಎಕ್ಸೆಲ್ ತಾನಾಗಿ ಕೊಡುವ ಅಂತರ 150 ಪ್ರತಿಶತ, ಅಂದರೆ ಕಂಬದ ಅಗಲದ ಒಂದೂವರೆ ಪಟ್ಟು ಖಾಲಿ ಜಾಗ. ಕಂಬವನ್ನು ಆರಿಸಿ ಕಂಟ್ರೋಲ್ ಮತ್ತು 1 ಒಟ್ಟಿಗೆ ಒತ್ತಿದರೆ ಬಲಗಡೆ ಫಾರ್ಮ್ಯಾಟ್ ಫಲಕ ತೆರೆಯುತ್ತದೆ. ‘ಗ್ಯಾಪ್ ವಿಡ್ತ್’ ಅನ್ನು 50ಕ್ಕೋ 60ಕ್ಕೋ ಇಳಿಸಿ. ಕ್ಯಾಲ್ಕ್‌ನಲ್ಲಿ ಇದೇ ಆಯ್ಕೆ ‘ಫಾರ್ಮ್ಯಾಟ್ ಡೇಟಾ ಸೀರೀಸ್’ನ ‘ಆಪ್ಷನ್ಸ್’ ಹಾಳೆಯಲ್ಲಿ ‘ಸ್ಪೇಸಿಂಗ್’ ಎಂಬ ಹೆಸರಿನಲ್ಲಿದೆ. ಕಂಟ್ರೋಲ್ ಮತ್ತು 1ರ ಜೋಡಿಯನ್ನು ನೆನಪಿಡಿ: ಎಕ್ಸೆಲ್ ಚಾರ್ಟ್‌ನ ಯಾವ ಅಂಗವನ್ನು ಆರಿಸಿಕೊಂಡಿದ್ದರೂ ಅದರ ಆಯ್ಕೆಗಳ ಬಾಗಿಲು ತೆರೆಯುವುದು ಇದೇ ಕೀಲಿ.

ಅಕ್ಷ: ಜಗಳ ಹುಟ್ಟುವ ಜಾಗ

ಮೊದಲ ವರ್ಷ ನಾನು ಮೂರು ಮೂಲಗಳಿಗೆ ಮೂರು ಬೇರೆ ಬೇರೆ ಚಾರ್ಟ್ ಮಾಡಿ ಅಂಟಿಸಿದ್ದೆ. ಸಂಜೆ ಎರಡನೇ ಮಹಡಿಯ ನಿವೃತ್ತ ಮೇಷ್ಟರು ಹಿಡಿದು ನಿಲ್ಲಿಸಿದರು. ‘ಏನ್ರೀ, ಜೂನ್‌ನಲ್ಲಿ ಬಂದ ಕಾವೇರಿಯ ಮೂರನೇ ಒಂದು ಪಾಲು ಮಾತ್ರ ಏಪ್ರಿಲ್‌ನಲ್ಲಿ ಬಂದಿದೆ, ಸಭೆಯಲ್ಲಿ ಯಾರೂ ಬಾಯಿ ಬಿಡಲಿಲ್ಲವಲ್ಲ?’ ಅಂಕಿ ನೋಡಿದರೆ ಏಪ್ರಿಲ್‌ನಲ್ಲಿ 388, ಜೂನ್‌ನಲ್ಲಿ 412. ವ್ಯತ್ಯಾಸ ಶೇಕಡಾ ಆರು. ಮೇಷ್ಟರ ಕಣ್ಣಿನ ತಪ್ಪೇನೂ ಇರಲಿಲ್ಲ. ನನ್ನ ಲಂಬ ಅಕ್ಷ 375ರಿಂದ ಶುರುವಾಗಿತ್ತು. ಏಪ್ರಿಲ್ ಕಂಬದ ಎತ್ತರ 13 ಅಂಶ, ಜೂನ್‌ನದು 37. ಸುಮಾರು ಮೂರು ಪಟ್ಟು.

ಎಕ್ಸೆಲ್ ಹೀಗೇಕೆ ಮಾಡುತ್ತದೆ? ಅತಿ ದೊಡ್ಡ ಮತ್ತು ಅತಿ ಚಿಕ್ಕ ಅಂಕಿಗಳ ಅಂತರವು ದೊಡ್ಡ ಅಂಕಿಯ ಆರನೇ ಒಂದು ಭಾಗಕ್ಕಿಂತ ಕಡಿಮೆ ಇದ್ದರೆ, ಸ್ವಯಂಚಾಲಿತ ಆಯ್ಕೆಯಲ್ಲಿ ಅಕ್ಷವು ಸೊನ್ನೆಯನ್ನು ಬಿಟ್ಟು ಮೇಲಿನಿಂದ ಶುರುವಾಗುತ್ತದೆ. ಸಣ್ಣ ಏರಿಳಿತ ಕಾಣಲಿ ಎಂಬುದು ಅದರ ಸದುದ್ದೇಶ. ಉಷ್ಣಾಂಶದಂಥ ಗೆರೆಚಾರ್ಟ್‌ಗೆ ಅದು ಸರಿಯೇ. ಕಂಬ ಹಾಗಲ್ಲ, ನಾವು ಕಂಬದ ಉದ್ದವನ್ನೇ ಪ್ರಮಾಣ ಎಂದು ಓದುತ್ತೇವೆ, ಬುಡ ಕತ್ತರಿಸಿದರೆ ಲೆಕ್ಕವೇ ಸುಳ್ಳಾಗುತ್ತದೆ. ಕಂಬವಿದ್ದಲ್ಲಿ ಸೊನ್ನೆಯಿರಬೇಕು. ಇದೊಂದರಲ್ಲಿ ನಾನು ಯಾರ ಮಾತನ್ನೂ ಕೇಳುವುದಿಲ್ಲ.

ಸರಿಪಡಿಸುವ ಹಾದಿ: ಎಕ್ಸೆಲ್‌ನಲ್ಲಿ ಲಂಬ ಅಕ್ಷದ ಅಂಕಿಗಳ ಮೇಲೆ ಎರಡು ಸಲ ಕ್ಲಿಕ್ ಮಾಡಿ. ‘ಆಕ್ಸಿಸ್ ಆಪ್ಷನ್ಸ್’ ಅಡಿಯಲ್ಲಿ ‘ಬೌಂಡ್ಸ್’ ಇದೆ. ‘ಮಿನಿಮಮ್’ ಚೌಕದಲ್ಲಿ 0 ಎಂದು ನೀವೇ ಬರೆಯಿರಿ. ಈಗಾಗಲೇ 0 ಇದ್ದರೂ ಮತ್ತೆ ಬರೆಯಿರಿ. ಪಕ್ಕದಲ್ಲಿ ‘ಆಟೋ’ ಹೋಗಿ ‘ರೀಸೆಟ್’ ಬಂದರೆ ಮುಂದಿನ ತಿಂಗಳು ಅಂಕಿ ಬದಲಾದರೂ ಅದು ಕದಲುವುದಿಲ್ಲ. ‘ಮ್ಯಾಕ್ಸಿಮಮ್’ 800, ‘ಯೂನಿಟ್ಸ್’ ಅಡಿಯ ‘ಮೇಜರ್’ 200 ಇಡಿ. ನಮ್ಮ ಆರು ತಿಂಗಳಲ್ಲಿ ಒಟ್ಟು ಬಳಕೆ ಅತಿ ಹೆಚ್ಚು ಇದ್ದದ್ದು ಮಾರ್ಚ್‌ನಲ್ಲಿ, 774. ಹಾಗಾಗಿ 800 ಸಾಕು. ಕ್ಯಾಲ್ಕ್‌ನಲ್ಲಿ ಚಾರ್ಟ್‌ನ ಒಳಹೊಕ್ಕು ಅಕ್ಷದ ಮೇಲೆ ಬಲಕ್ಲಿಕ್, ‘ಫಾರ್ಮ್ಯಾಟ್ ಆಕ್ಸಿಸ್’, ‘ಸ್ಕೇಲ್’ ಹಾಳೆ. ಅಲ್ಲಿ ‘ಆಟೊಮ್ಯಾಟಿಕ್’ ಎದುರಿನ ಗುರುತು ತೆಗೆದರೆ ಅಂಕಿ ತುಂಬಲು ಬಿಡುತ್ತದೆ.

ಮಳೆಯನ್ನೂ ಇದೇ ಚಾರ್ಟ್‌ಗೆ ಸೇರಿಸಿ ಎಂದು ಸಭೆಯಲ್ಲಿ ಒಬ್ಬರು ಕೇಳಿದ್ದರು. ಒಳ್ಳೆಯ ಯೋಚನೆಯೇ, ಬೆಂಗಳೂರಿಗೆ ಮೇ ತಿಂಗಳಲ್ಲೊಮ್ಮೆ, ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಇನ್ನೊಮ್ಮೆ ಮಳೆ ಜೋರಾಗುವುದರಿಂದ ಕೊಳವೆಬಾವಿಯ ಏರಿಳಿತದ ಜೊತೆ ಅದನ್ನು ನೋಡಬಹುದು. ಆದರೆ ಮಳೆ ಮಿಲಿಮೀಟರ್‌ನಲ್ಲಿ, ನೀರು ಕಿಲೋಲೀಟರ್‌ನಲ್ಲಿ. ‘ಸೆಕೆಂಡರಿ ಆಕ್ಸಿಸ್’ ಆಯ್ಕೆ ಮಾಡಿದರೆ ಬಲಗಡೆ ಎರಡನೆಯ ಅಳತೆಪಟ್ಟಿ ಬರುತ್ತದೆ ನಿಜ, ಆದರೆ ಎರಡೂ ಪಟ್ಟಿಗಳ ಮಿತಿಯನ್ನು ನಾವೇ ಹಿಗ್ಗಿಸಿ ಕುಗ್ಗಿಸಿ ಮಳೆಗೂ ಟ್ಯಾಂಕರಿಗೂ ಇಲ್ಲದ ನಂಟು ಕಟ್ಟಬಹುದು. ನಾನು ಮಳೆಗೆ ಬೇರೆ ಸಣ್ಣ ಚಾರ್ಟ್ ಮಾಡಿ, ತಿಂಗಳುಗಳು ಒಂದರ ಕೆಳಗೊಂದು ಬರುವಂತೆ ಸಮ ಅಗಲದಲ್ಲಿ ಮೇಲೆ ಕೆಳಗೆ ಜೋಡಿಸುತ್ತೇನೆ.

ಲಕ್ಷ, ಕೋಟಿ ಮತ್ತು ಅಲ್ಪವಿರಾಮ

ನೀರಿನ ಚಾರ್ಟ್‌ಗೆ ಇದು ಬೇಕಾಗದು, ನಿರ್ವಹಣಾ ವೆಚ್ಚದ ಚಾರ್ಟ್‌ಗೆ ಬೇಕಾಗುತ್ತದೆ. ಒಂದು ಉದಾಹರಣೆ. ಜನಗಣತಿಯ ಪ್ರಕಾರ ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆ 2001ರಲ್ಲಿ 65,37,124, 2011ರಲ್ಲಿ 96,21,551. ಇದನ್ನು ಅಕ್ಷದ ಮೇಲೆ 9,621,551 ಎಂದು ಬರೆದರೆ ನಮ್ಮವರು ಅಲ್ಪವಿರಾಮಗಳನ್ನು ಬೆರಳಲ್ಲಿ ಎಣಿಸುತ್ತಾ ಕೂರುತ್ತಾರೆ. ವಿಂಡೋಸ್‌ನ ಪ್ರದೇಶದ ಆಯ್ಕೆಯಲ್ಲಿ ಇಂಡಿಯಾ ಎಂದಿದ್ದರೆ ಎಕ್ಸೆಲ್ ತಾನೇ ಲಕ್ಷದ ಲೆಕ್ಕದಲ್ಲಿ ಅಲ್ಪವಿರಾಮ ಹಾಕುತ್ತದೆ. ಆದರೆ ಬೇರೆಯವರ ಕಂಪ್ಯೂಟರಿನಲ್ಲಿ ತೆರೆದಾಗ ಅವರ ಆಯ್ಕೆಯಂತೆ ಬದಲಾಗುತ್ತದೆ. ಎಲ್ಲಿ ತೆರೆದರೂ ಹಾಗೇ ಇರಬೇಕೆಂದರೆ ಅಕ್ಷದ ‘ನಂಬರ್’ ವಿಭಾಗದಲ್ಲಿ ‘ಫಾರ್ಮ್ಯಾಟ್ ಕೋಡ್’ ಚೌಕಕ್ಕೆ ಇದನ್ನು ಹಾಕಿ ‘ಆಡ್’ ಒತ್ತಿ:

[>=10000000]##\,##\,##\,##0;[>=100000]##\,##\,##0;##,##0

ಕ್ಯಾಲ್ಕ್‌ನಲ್ಲಿ ಇಷ್ಟು ಸರ್ಕಸ್ ಬೇಡ, #,##,##0 ಎಂದರೆ ಸಾಕು. ಎರಡಕ್ಕಿಂತಲೂ ಸುಲಭದ ದಾರಿ ಇನ್ನೊಂದಿದೆ. ಎಕ್ಸೆಲ್‌ನ ‘ಡಿಸ್‌ಪ್ಲೇ ಯೂನಿಟ್ಸ್’ ಪಟ್ಟಿಯಲ್ಲಿ ಸಾವಿರ, ಮಿಲಿಯನ್‌ಗಳ ಜೊತೆ 100000 ಎಂಬುದೂ ಇದೆ, ಆದರೆ ‘ಲಕ್ಷ’ ಎಂಬ ಹೆಸರಿಲ್ಲ. ಹಾಗಾಗಿ ಹಾಳೆಯಲ್ಲೇ 1,00,000ದಿಂದ ಭಾಗಿಸಿ ಹೊಸ ಕಂಬಸಾಲು ಮಾಡಿ, ಅದರಿಂದ ಚಾರ್ಟ್ ಬರೆದು, ಅಕ್ಷದ ಹೆಸರಲ್ಲಿ ‘ಲಕ್ಷಗಳಲ್ಲಿ’ ಎಂದು ಬರೆಯಿರಿ. 96.2 ಎಂಬುದನ್ನು ಓದಲು ಯಾರೂ ಬೆರಳು ಮಡಚಬೇಕಿಲ್ಲ.

ಗೆರೆ, ಲೇಬಲ್, ಸೂಚಿ

ಹಿನ್ನೆಲೆಯ ಅಡ್ಡಗೆರೆಗಳು ರಂಗೋಲಿಯ ಚುಕ್ಕಿಯಂತೆ ಆಸರೆಗಷ್ಟೇ ಇರಬೇಕು. ತಿಳಿ ಬೂದು ಬಣ್ಣ, ಅರ್ಧ ಪಾಯಿಂಟ್ ದಪ್ಪ ಸಾಕು. ಲಂಬಗೆರೆಗಳಿದ್ದರೆ ತೆಗೆದುಹಾಕಿ, ಚಾರ್ಟ್‌ನ ಸುತ್ತಲಿನ ಚೌಕಟ್ಟನ್ನೂ ತೆಗೆಯಿರಿ. ಗೆರೆ ತೆಗೆಯುವುದೆಂದರೆ ಅದನ್ನು ಆರಿಸಿ ಡಿಲೀಟ್ ಕೀಲಿ ಒತ್ತುವುದು, ಅಷ್ಟೆ. ಚೌಕಟ್ಟಿಗೆ ಮಾತ್ರ ಫಾರ್ಮ್ಯಾಟ್ ಫಲಕದಲ್ಲಿ ‘ನೋ ಲೈನ್’ ಆರಿಸಿ; ಅಲ್ಲಿ ಡಿಲೀಟ್ ಒತ್ತಿದರೆ ಇಡೀ ಚಾರ್ಟೇ ಹೋಗುತ್ತದೆ. ವಿಂಡೋಸ್ ಎಕ್ಸೆಲ್‌ನಲ್ಲಿ ಚಾರ್ಟ್ ಆರಿಸಿದಾಗ ಬಲಗಡೆ ಕಾಣುವ ಕೂಡಿಸುವ ಗುರುತಿನ ಗುಂಡಿಯಲ್ಲಿ ಎಲ್ಲ ಅಂಗಗಳ ಪಟ್ಟಿ ಇರುತ್ತದೆ. ಬೇಡವಾಗಿ ತೆಗೆದದ್ದನ್ನು ಅಲ್ಲಿಂದ ಮರಳಿ ಕರೆಯಬಹುದು.

ಬಣ್ಣದ ಸೂಚಿಯನ್ನು ಚಾರ್ಟ್‌ನ ಕೆಳಗಿಟ್ಟರೆ ಓದುಗ ಕೆಳಗೊಮ್ಮೆ, ಮೇಲೊಮ್ಮೆ ನೋಡಿ ಕತ್ತು ನೋಯಿಸಿಕೊಳ್ಳುತ್ತಾನೆ. ಹೆಸರನ್ನು ಕಂಬದ ಮೇಲೆಯೇ ಬರೆಯುವುದು ಮೇಲು. ಇದಕ್ಕೊಂದು ಕೈಚಳಕವಿದೆ. ಟ್ಯಾಂಕರಿನ ಒಂದು ತುಂಡಿನ ಮೇಲೆ ಒಮ್ಮೆ ಕ್ಲಿಕ್ ಮಾಡಿದರೆ ಆರು ತಿಂಗಳ ಟ್ಯಾಂಕರ್ ತುಂಡುಗಳೂ ಒಟ್ಟಿಗೆ ಆಯ್ಕೆಯಾಗುತ್ತವೆ. ಸ್ವಲ್ಪ ತಡೆದು ಇನ್ನೊಮ್ಮೆ ಕ್ಲಿಕ್ ಮಾಡಿದರೆ ಆ ಒಂದು ತುಂಡು ಮಾತ್ರ ಉಳಿಯುತ್ತದೆ. ಹೀಗೆ ಏಪ್ರಿಲ್‌ನ ತುಂಡುಗಳನ್ನು ಒಂದೊಂದಾಗಿ ಆರಿಸಿ, ಬಲಕ್ಲಿಕ್ ಮಾಡಿ ಡೇಟಾ ಲೇಬಲ್ ಸೇರಿಸಿ, ಲೇಬಲ್‌ನ ಆಯ್ಕೆಗಳಲ್ಲಿ ‘ಸೀರೀಸ್ ನೇಮ್’ ಗುರುತು ಹಾಕಿ. 24 ಕಿಲೋಲೀಟರಿನ ತೆಳು ಪಟ್ಟಿಯಲ್ಲಿ ‘ಕೊಳವೆಬಾವಿ’ ಹಿಡಿಸದು; ಅದಕ್ಕೆ ಮಾತ್ರ ಜನವರಿಯ ತುಂಡನ್ನು ಬಳಸಿ. ಹೆಸರುಗಳು ಬಂದ ಮೇಲೆ ಸೂಚಿಯನ್ನು ಅಳಿಸಿ.

ಎಲ್ಲ ತುಂಡುಗಳ ಮೇಲೂ ಅಂಕಿ ಹಾಕುವ ಆಸೆಯನ್ನು ಅದುಮಿ. ಹದಿನೆಂಟು ಅಂಕಿ ಬೇಕೆನ್ನುವವರಿಗೆ ಹಾಳೆಯ ಕೆಳಗೆ ಕೋಷ್ಟಕವನ್ನೇ ಕೊಡಿ. ಒಟ್ಟು ಮೊತ್ತ ಮಾತ್ರ ಕಂಬದ ನೆತ್ತಿಯ ಮೇಲಿದ್ದರೆ ಚೆಂದ. ಪೇರಿಸಿದ ಕಂಬಗಳ ಮೊತ್ತವನ್ನು ತೋರಿಸುವ ನೇರ ಗುಂಡಿ ಎಕ್ಸೆಲ್‌ನಲ್ಲಿಲ್ಲ. ಮೊತ್ತದ ಕಂಬಸಾಲನ್ನೂ ಚಾರ್ಟ್‌ಗೆ ಸೇರಿಸಿ, ‘ಚೇಂಜ್ ಚಾರ್ಟ್ ಟೈಪ್’ನಲ್ಲಿ ಅದೊಂದನ್ನು ಗೆರೆಯಾಗಿ ಬದಲಿಸಿ, ಅದಕ್ಕೆ ‘ಅಬವ್’ ಸ್ಥಾನದಲ್ಲಿ ಲೇಬಲ್ ಹಾಕಿ, ಕೊನೆಗೆ ಗೆರೆಯ ಬಣ್ಣವನ್ನು ‘ನೋ ಲೈನ್’ ಮಾಡಿ. ಗೆರೆ ಮಾಯವಾಗಿ ಅಂಕಿಗಳು ಮಾತ್ರ ಉಳಿಯುತ್ತವೆ.

ಶೀರ್ಷಿಕೆಯಲ್ಲಿ ‘ನೀರಿನ ಬಳಕೆ, ಜನವರಿ–ಜೂನ್’ ಎಂದು ಬರೆಯುವುದು ವಾಡಿಕೆ. ಚೀಟಿಯಲ್ಲಿ ಬರೆದಿಟ್ಟ ವಾಕ್ಯವನ್ನೇ ಅಲ್ಲಿ ಹಾಕಿ. ವಾಡಿಕೆಯದು ಅದರ ಕೆಳಗೆ ಸಣ್ಣಕ್ಷರದಲ್ಲಿರಲಿ. ಎಕ್ಸೆಲ್‌ನಲ್ಲಿ ಶೀರ್ಷಿಕೆಯನ್ನು ಆರಿಸಿ, ಮೇಲಿನ ಸೂತ್ರದ ಪಟ್ಟಿಯಲ್ಲಿ = ಒತ್ತಿ, ಒಂದು ಚೌಕವನ್ನು ತೋರಿಸಿ ಎಂಟರ್ ಒತ್ತಿದರೆ ಆ ಚೌಕದಲ್ಲಿ ಬರೆದದ್ದೇ ಶೀರ್ಷಿಕೆಯಾಗುತ್ತದೆ. ತಿಂಗಳು ಬದಲಾದಾಗ ಹಾಳೆಯಲ್ಲಿ ತಿದ್ದಿದರೆ ಸಾಕು.

ಬಣ್ಣ

ನನ್ನ ಹಾಳೆ ಮೂರು ಕಡೆ ಹೋಗುತ್ತದೆ: ವಾಟ್ಸಾಪ್ ಗುಂಪಿಗೆ, ಸಭೆಯ ಪ್ರೊಜೆಕ್ಟರ್‌ಗೆ, ಜೆರಾಕ್ಸ್ ಅಂಗಡಿಗೆ. ಮೂರನೆಯದು ಬಣ್ಣಗಳ ಪಾಲಿಗೆ ಅಗ್ನಿಪರೀಕ್ಷೆ. ಒಮ್ಮೆ ಟ್ಯಾಂಕರಿಗೆ ಕಿತ್ತಳೆಗೆಂಪು, ಕಾವೇರಿಗೆ ಕಡುನೀಲಿ ಹಾಕಿ ಬಹಳ ಹೆಮ್ಮೆಪಟ್ಟೆ. ಕಪ್ಪುಬಿಳುಪಿನ ಜೆರಾಕ್ಸ್‌ನಲ್ಲಿ ಎರಡೂ ಹತ್ತಿರ ಹತ್ತಿರದ ಬೂದಿಯಾಗಿ ಒಂದೇ ಗೋಡೆಯಂತೆ ನಿಂತವು. ಬಣ್ಣ ಬೇರೆಯಾದರೆ ಸಾಲದು, ತಿಳಿ–ಗಾಢದ ಅಂತರವೂ ಇರಬೇಕು.

ಈಗ ನಾನು ಬಳಸುವ ಜೋಡಣೆ: ಕಾವೇರಿಗೆ ತಿಳಿ ಬೂದು, ಕೆಂಪು–ಹಸಿರು–ನೀಲಿ ಅಂಕಿಗಳಲ್ಲಿ 200, 200, 200. ಟ್ಯಾಂಕರಿಗೆ ಕಿತ್ತಳೆಗೆಂಪು, 213, 94, 0. ಕೊಳವೆಬಾವಿಗೆ ಆಕಾಶನೀಲಿ, 86, 180, 233. ಕಾವೇರಿಯ ಬಗ್ಗೆ ಹೇಳುವುದು ‘ಬದಲಾಗಲಿಲ್ಲ’ ಎಂಬುದಷ್ಟೇ, ಹಾಗಾಗಿ ಅದು ಬೂದು ಬಣ್ಣದಲ್ಲಿ ಹಿಂದೆ ಸರಿದು ನಿಲ್ಲಲಿ. ತುಂಡುಗಳ ನಡುವೆ ಒಂದು ಪಾಯಿಂಟ್ ದಪ್ಪದ ಬಿಳಿ ಅಂಚು ಕೊಡಿ. ಕೊನೆಯ ಎರಡು ಬಣ್ಣಗಳು ನಾನು ಕಂಡುಹಿಡಿದವಲ್ಲ. ಕೆಂಪು–ಹಸಿರು ಗುರುತಿಸಲು ಕಷ್ಟಪಡುವವರಿಗೂ ಬೇರೆ ಬೇರೆಯಾಗಿ ಕಾಣಲೆಂದು ಜಪಾನಿನ ಮಸತಾಕ ಒಕಾಬೆ ಮತ್ತು ಕೇಯಿ ಇಟೊ ರೂಪಿಸಿದ ಬಣ್ಣಗಳ ಗುಂಪಿನವು. ಈ ಅಂಕಿಗಳನ್ನು ಎಕ್ಸೆಲ್‌ನಲ್ಲಿ ‘ಫಿಲ್’ ಬಣ್ಣದ ‘ಮೋರ್ ಕಲರ್ಸ್’, ‘ಕಸ್ಟಮ್’ ಹಾಳೆಯಲ್ಲಿ ತುಂಬಬೇಕು; ಕ್ಯಾಲ್ಕ್‌ನಲ್ಲಿ ‘ಏರಿಯಾ’ ಹಾಳೆಯ ‘ಕಲರ್’ ಭಾಗದಲ್ಲಿ. ಮುದ್ರಿಸುವ ಮುನ್ನ ಮೊಬೈಲಿನ ಪರದೆಯನ್ನು ಕಪ್ಪುಬಿಳುಪು ಮಾಡಿ ಚಾರ್ಟ್ ನೋಡಿದರೆ ಜೆರಾಕ್ಸ್‌ನ ಗತಿ ಮುಂಚೆಯೇ ತಿಳಿಯುತ್ತದೆ.

ಓದುಗರ ತಲೆಯಲ್ಲಿ ಆಗಲೇ ಬಣ್ಣ ಕೂತಿದ್ದರೆ ಅದನ್ನು ಮೀರಬೇಡಿ. ನಮ್ಮ ಮೆಟ್ರೊ ಪ್ರಯಾಣಿಕರ ಚಾರ್ಟ್ ಮಾಡುವವರು ನೇರಳೆ ಮಾರ್ಗಕ್ಕೆ ಹಸಿರನ್ನೂ ಹಸಿರು ಮಾರ್ಗಕ್ಕೆ ಹಳದಿಯನ್ನೂ ಹಾಕಿದರೆ ಏನಾದೀತು ಯೋಚಿಸಿ. ತಂತ್ರಾಂಶ ಮಾತ್ರ ಯಾವ ಅಳುಕೂ ಇಲ್ಲದೆ ಹಾಗೆ ಮಾಡಬಲ್ಲದು.

ಕನ್ನಡ ಅಕ್ಷರಗಳು

ಇಂಗ್ಲಿಷ್ ಚಾರ್ಟ್ ಮಾಡುವವರಿಗಿಲ್ಲದ ಮೂರು ತಾಪತ್ರಯಗಳು ನಮಗಿವೆ.

ಮೊದಲನೆಯದು ಹಳೆಯ ಕಡತಗಳದು. ‘ನುಡಿ’ ಅಥವಾ ‘ಬರಹ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ, ಯುನಿಕೋಡ್ (ಎಲ್ಲ ಯಂತ್ರಗಳಿಗೂ ಒಂದೇ ಆದ ಅಕ್ಷರ ಸಂಕೇತ) ಬರುವುದಕ್ಕೆ ಹಿಂದಿನ ಅಕ್ಷರಶೈಲಿಯಲ್ಲಿ ಟೈಪ್ ಮಾಡಿದ ಹಾಳೆ ಚೌಕಗಳಲ್ಲಿ ಚೆನ್ನಾಗಿಯೇ ಕಾಣುತ್ತದೆ. ಚಾರ್ಟ್ ಮಾಡಿದ ಕೂಡಲೇ ಅಕ್ಷದ ಮೇಲೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಂತೆ ನೆರೆಯುತ್ತದೆ. ಚಾರ್ಟ್ ತನ್ನದೇ ಅಕ್ಷರಶೈಲಿ ಬಳಸುವುದೇ ಇದಕ್ಕೆ ಕಾರಣ. ಒಳಗಿರುವ ಸಂಕೇತಗಳು ನಿಜಕ್ಕೂ ಇಂಗ್ಲಿಷ್ ಅಕ್ಷರಗಳವೇ, ಕನ್ನಡದ ವೇಷ ಹಾಕಿದ್ದು ಆ ಅಕ್ಷರಶೈಲಿ ಮಾತ್ರ. ಚಾರ್ಟ್‌ಗೂ ಅದೇ ಶೈಲಿ ಹಾಕಿದರೆ ನಿಮ್ಮ ಯಂತ್ರದಲ್ಲಿ ಸರಿಹೋದೀತು, ಇನ್ನೊಬ್ಬರ ಯಂತ್ರದಲ್ಲಿ ಮತ್ತೆ ಸಂತೆ. ಒಮ್ಮೆ ಕೂತು ಎಲ್ಲವನ್ನೂ ಯುನಿಕೋಡ್‌ಗೆ ಪರಿವರ್ತಿಸಿಬಿಡಿ.

ಎರಡನೆಯದು ಕ್ಯಾಲ್ಕ್ ಬಳಸುವವರಿಗೆ. ಅಕ್ಷರದ ಗಾತ್ರವನ್ನು 10ರಿಂದ 14ಕ್ಕೆ ಏರಿಸುತ್ತೀರಿ, ಅಂಕಿಗಳು ದೊಡ್ಡದಾಗುತ್ತವೆ, ‘ಕೊಳವೆಬಾವಿ’ ಮಾತ್ರ ಇದ್ದಷ್ಟೇ ಇರುತ್ತದೆ. ನಾನು ಒಂದು ಇಡೀ ಸಂಜೆ ಇದರ ಮೇಲೆ ಕಳೆದಿದ್ದೇನೆ. ಕ್ಯಾಲ್ಕ್‌ಗೆ ಕನ್ನಡವು ‘ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್’ ವರ್ಗದ ಲಿಪಿ. ಅದರ ಶೈಲಿ, ಗಾತ್ರಗಳ ಲೆಕ್ಕವೇ ಬೇರೆ. ‘ಟೂಲ್ಸ್’, ‘ಆಪ್ಷನ್ಸ್’ ಒಳಗೆ ಭಾಷೆಯ ಆಯ್ಕೆಗಳಿಗೆ ಹೋಗಿ ಆ ಹೆಸರಿನ ಎದುರು ಗುರುತು ಹಾಕಿ. ಆಮೇಲೆ ಚಾರ್ಟ್‌ನಲ್ಲಿ ‘ಫಾಂಟ್’ ಹಾಳೆ ತೆರೆದರೆ ಎರಡು ವಿಭಾಗಗಳು ಕಾಣುತ್ತವೆ. ಕನ್ನಡಕ್ಕೆ ಎರಡನೆಯದರಲ್ಲಿ ಬದಲಾಯಿಸಬೇಕು.

ಮೂರನೆಯದು ಜಾಗದ್ದು. ‘ಸೆಪ್ಟೆಂಬರ್’ ಎಂಬುದು ಅಗಲದಲ್ಲೂ ದೊಡ್ಡದು, ಒತ್ತಕ್ಷರದ ದೆಸೆಯಿಂದ ಎತ್ತರದಲ್ಲೂ ದೊಡ್ಡದು. ಹನ್ನೆರಡು ತಿಂಗಳು ಸಾಲಾಗಿ ನಿಂತರೆ ತಂತ್ರಾಂಶ ಹೆಸರುಗಳನ್ನು ಓರೆಯಾಗಿ ತಿರುಗಿಸುತ್ತದೆ. ಓರೆಯಾದ ಇಂಗ್ಲಿಷನ್ನು ಹೇಗೋ ಓದಬಹುದು, ಓರೆಯಾದ ಕನ್ನಡದ ಒತ್ತಕ್ಷರಗಳು ಮೇಲಿನ ಅಕ್ಷರಕ್ಕೆ ಸೇರಿದವೋ ಪಕ್ಕದ್ದಕ್ಕೋ ತಿಳಿಯುವುದೇ ಇಲ್ಲ. ಅಕ್ಷದ ‘ಟೆಕ್ಸ್ಟ್ ಆಪ್ಷನ್ಸ್’ನಲ್ಲಿ ಕೋನವನ್ನು 0 ಎಂದು ಕಟ್ಟಿಹಾಕಿ, ಹಾಳೆಯಲ್ಲಿ ಹೆಸರುಗಳನ್ನು ಜನ, ಫೆಬ್ರು, ಸೆಪ್ಟೆಂ, ಅಕ್ಟೋ ಎಂದು ಮೊಟಕು ಮಾಡಿ. ಬಡಾವಣೆಗಳ ಹೆಸರಿನಂತೆ ಮೊಟಕು ಮಾಡಲಾಗದವು ಇದ್ದರೆ ಕಂಬಗಳನ್ನು ಮಲಗಿಸಿ, ಅಂದರೆ ‘ಬಾರ್’ ಬಗೆ ಆರಿಸಿ. ‘ಬಸವನಗುಡಿ’, ‘ರಾಜರಾಜೇಶ್ವರಿ ನಗರ’ ಎಲ್ಲವೂ ಎಡಗಡೆ ಆರಾಮವಾಗಿ ಹಿಡಿಸುತ್ತವೆ. ಮಲಗಿಸಿದಾಗ ಪಟ್ಟಿಯ ಮೊದಲ ಹೆಸರು ಕೆಳಗೆ ಹೋಗಿ ಕೂರುತ್ತದೆ. ಎಕ್ಸೆಲ್‌ನಲ್ಲಿ ಆ ಅಕ್ಷದ ‘ಕೆಟಗರೀಸ್ ಇನ್ ರಿವರ್ಸ್ ಆರ್ಡರ್’ ಗುರುತು ಹಾಕಿದರೆ ಮೇಲೆ ಬರುತ್ತದೆ.

ಅಕ್ಷರಶೈಲಿಯಲ್ಲಿ ನನ್ನ ಆಯ್ಕೆ ನೋಟೊ ಸ್ಯಾನ್ಸ್ ಕನ್ನಡ. ವಿಂಡೋಸ್‌ನಲ್ಲಿ ನಿರ್ಮಲಾ ಕೂಡ ಪರವಾಗಿಲ್ಲ. ತುಂಗಾ ನನ್ನ ಕಣ್ಣಿಗೆ ತೆಳು, ಅದೇ ಗಾತ್ರದಲ್ಲಿ ಚಿಕ್ಕದಾಗಿ ಕಾಣುತ್ತದೆ. ಗೋಡೆಯ ಹಾಳೆಗೆ 12 ಪಾಯಿಂಟ್‌ಗಿಂತ ಕೆಳಗೆ ಹೋಗಬೇಡಿ. ಮೇಷ್ಟರು ಕನ್ನಡಕವನ್ನು ಮನೆಯಲ್ಲೇ ಬಿಟ್ಟು ಬರುತ್ತಾರೆ.

ಹೊರಗೆ ಕಳುಹಿಸುವುದು, ಮತ್ತೆ ಬಳಸುವುದು

ಪರದೆಯ ಚಿತ್ರ ತೆಗೆದು ಕಳುಹಿಸಿದರೆ ಅಕ್ಷರ ಮಂಕಾಗುತ್ತದೆ. ಎಕ್ಸೆಲ್‌ನಲ್ಲಿ ಚಾರ್ಟ್ ಅಂಚಿನ ಮೇಲೆ ಬಲಕ್ಲಿಕ್ ಮಾಡಿ ‘ಸೇವ್ ಆಸ್ ಪಿಕ್ಚರ್’, ಕ್ಯಾಲ್ಕ್‌ನಲ್ಲಿ ಒಂದೇ ಸಲ ಕ್ಲಿಕ್ ಮಾಡಿ ಆರಿಸಿ, ಬಲಕ್ಲಿಕ್ ಮಾಡಿ ‘ಎಕ್ಸ್‌ಪೋರ್ಟ್ ಆಸ್ ಇಮೇಜ್’. ವಾಟ್ಸಾಪ್‌ಗೆ ಪಿಎನ್‌ಜಿ ಬಗೆ ಸಾಕು. ಮೊಬೈಲಿಗೆ ಹೋಗುವ ಚಾರ್ಟ್ ಅಗಲಕ್ಕಿಂತ ಎತ್ತರ ತುಸು ಹೆಚ್ಚಿರುವಂತೆ ನೋಡಿಕೊಳ್ಳಿ. ಕಳುಹಿಸುವ ಮೊದಲು ನಿಮಗೇ ಕಳುಹಿಸಿಕೊಂಡು, ಹಿಗ್ಗಿಸದೆ ಓದಲು ಆಗುತ್ತದೆಯೇ ಎಂದು ನೋಡಿ.

ಇಷ್ಟೆಲ್ಲ ತಿದ್ದಿದ್ದನ್ನು ಪ್ರತಿ ತಿಂಗಳೂ ಹೊಸದಾಗಿ ಮಾಡಬೇಕಿಲ್ಲ. ಎಕ್ಸೆಲ್‌ನಲ್ಲಿ ಬಲಕ್ಲಿಕ್ ಮಾಡಿ ‘ಸೇವ್ ಆಸ್ ಟೆಂಪ್ಲೇಟ್’ ಒತ್ತಿದರೆ ಇದೇ ರೂಪ ಮುಂದಿನ ಚಾರ್ಟ್‌ಗಳಿಗೂ ‘ಟೆಂಪ್ಲೇಟ್ಸ್’ ಪಟ್ಟಿಯಲ್ಲಿ ಸಿಗುತ್ತದೆ. ಆಗಲೇ ಮಾಡಿಟ್ಟ ಇನ್ನೊಂದು ಚಾರ್ಟ್‌ಗೆ ಈ ರೂಪ ತೊಡಿಸಲು ಇದನ್ನು ನಕಲು ಮಾಡಿ, ಅದನ್ನು ಆರಿಸಿ, ‘ಪೇಸ್ಟ್ ಸ್ಪೆಷಲ್’ನಲ್ಲಿ ‘ಫಾರ್ಮ್ಯಾಟ್ಸ್’ ಆಯ್ಕೆ ಮಾಡಿ. ಕ್ಯಾಲ್ಕ್‌ನಲ್ಲಿ ನಾನು ಹಳೆಯ ಚಾರ್ಟನ್ನೇ ನಕಲು ಮಾಡಿ ಅಂಕಿಗಳ ವ್ಯಾಪ್ತಿಯನ್ನು ಬದಲಿಸುತ್ತೇನೆ.

ಎಕ್ಸೆಲ್‌ನಲ್ಲಿ ಅಂಕಿಗಳನ್ನು ಕಂಟ್ರೋಲ್ ಮತ್ತು ‘ಟಿ’ ಒತ್ತಿ ಟೇಬಲ್ ಆಗಿ ಮಾಡಿಕೊಂಡಿದ್ದರೆ ಜುಲೈ ಸಾಲು ಬರೆದ ಕೂಡಲೇ ಏಳನೆಯ ಕಂಬ ತಾನಾಗಿ ಏಳುತ್ತದೆ. ಹಳೆಯ ಸಾಲುಗಳನ್ನು ಮರೆಮಾಡಿದರೆ ಮಾತ್ರ ಆ ತಿಂಗಳುಗಳು ಚಾರ್ಟ್‌ನಿಂದಲೂ ಮಾಯವಾಗುತ್ತವೆ. ಬೇಕೆಂದರೆ ‘ಸೆಲೆಕ್ಟ್ ಡೇಟಾ’ ಕಿಟಕಿಯ ‘ಹಿಡನ್ ಆಂಡ್ ಎಂಪ್ಟಿ ಸೆಲ್ಸ್’ ಒಳಗೆ ಅವುಗಳನ್ನೂ ತೋರಿಸುವ ಗುರುತಿದೆ. ಜೊತೆಗೆ ಪ್ರತಿ ತಿಂಗಳೂ ಲಂಬ ಅಕ್ಷದ ಮೇಲ್ಮಿತಿಯನ್ನೊಮ್ಮೆ ನೋಡಿಬಿಡಿ. 800 ಎಂದು ನಾವು ಕೈಯಾರೆ ಕಟ್ಟಿದ್ದೇವೆ. ಮುಂದಿನ ಮಾರ್ಚ್‌ನಲ್ಲಿ ಬಳಕೆ 850ಕ್ಕೆ ಹೋದರೆ ಕಂಬ 800ರಲ್ಲೇ ಮೊಟಕಾಗುತ್ತದೆ, ಅದರ ಬಗ್ಗೆ ತಂತ್ರಾಂಶ ನಿಮಗೆ ಒಂದು ಮಾತನ್ನೂ ಹೇಳುವುದಿಲ್ಲ.